ಕಾಂಟ್, ಅಕ್ವೈನಸ್, ಬಾದರಾಯಣ: ಗ್ರಂಥಾಲಯದ ಮೆಟಾಡೇಟಾ ಜೊತೆ ಸಂಶೋಧನಾ ವಿದ್ಯಾರ್ಥಿಯ ಕೆಲಸ

ದೊಡ್ಡ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಕಾಂಟ್‌ನ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ಹುಡುಕಿದರೆ ಒಂದು ಪುಸ್ತಕವಲ್ಲ, ದಾಖಲೆಗಳ ಸಾಲೇ ಎದುರಾಗುತ್ತದೆ. 1781ರ ಮೊದಲ ಜರ್ಮನ್ ಆವೃತ್ತಿ, ಕಾಂಟ್ ತಾನೇ ತಿದ್ದಿ ಬರೆದ 1787ರ ಎರಡನೆಯ ಆವೃತ್ತಿ, ಮೈಕಲ್‌ಜಾನ್ 1855ರಲ್ಲಿ, ಮ್ಯಾಕ್ಸ್ ಮುಲ್ಲರ್ 1881ರಲ್ಲಿ, ಕೆಂಪ್ ಸ್ಮಿತ್ 1929ರಲ್ಲಿ, ಗೈಯರ್ ಮತ್ತು ವುಡ್ 1998ರಲ್ಲಿ ಹೊರತಂದ ಇಂಗ್ಲಿಷ್ ಅನುವಾದಗಳು, ಇವೆಲ್ಲವುಗಳ ಮರುಮುದ್ರಣಗಳು, ಸಂಕ್ಷಿಪ್ತ ರೂಪಗಳು, ಇ-ಪುಸ್ತಕಗಳು. ಒಂದೇ ಅನುವಾದಕ್ಕೆ ಮೂರು ದಾಖಲೆ ಇರುವುದೂ ಉಂಟು, ಎರಡು ಬೇರೆ ಅನುವಾದಗಳು ಒಂದೇ ದಾಖಲೆಯಲ್ಲಿ ಸೇರಿಕೊಂಡಿರುವುದೂ ಉಂಟು.

ತತ್ತ್ವಶಾಸ್ತ್ರ ಮತ್ತು ದೇವತಾಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಗಳಿಗೆ ಮೆಟಾಡೇಟಾದ, ಅಂದರೆ ಪುಸ್ತಕಗಳ ಬಗ್ಗೆ ದಾಖಲಿಸಿಟ್ಟ ಮಾಹಿತಿಯ, ಈ ರಾಶಿಯ ಜೊತೆ ಎರಡು ರೀತಿಯಲ್ಲಿ ಕೆಲಸ ಬೀಳುತ್ತದೆ. ಕೆಲವರು ಗ್ರಂಥಾಲಯದಲ್ಲಿ ಅರೆಕಾಲಿಕ ಸಹಾಯಕರಾಗಿ ಹಳೆಯ ದಾಖಲೆಗಳನ್ನು ಶುಚಿಗೊಳಿಸುತ್ತಾರೆ. ಇನ್ನು ಕೆಲವರು ಕ್ಯಾಟಲಾಗನ್ನೇ ಸಂಶೋಧನೆಯ ಆಕರವಾಗಿ ಬಳಸುತ್ತಾರೆ: ಒಬ್ಬ ಚಿಂತಕ ಯಾವ ಭಾಷೆಗೆ ಯಾವಾಗ ಹೋದ, ಒಂದು ಧರ್ಮಗ್ರಂಥದ ಮೇಲೆ ಯಾವ ಕಾಲದಲ್ಲಿ ಎಷ್ಟು ವ್ಯಾಖ್ಯಾನ ಬಂತು ಎಂದು ಎಣಿಸಲು. ಎರಡರಲ್ಲೂ ಫೀಲ್ಡ್ ಸಂಖ್ಯೆಗಳು, ಅಂದರೆ ದಾಖಲೆಯಲ್ಲಿ ಒಂದೊಂದು ಮಾಹಿತಿ ಕೂರುವ ಜಾಗದ ಸಂಖ್ಯೆಗಳು, ಬೇಗ ಕೈವಶವಾಗುತ್ತವೆ. ಕಷ್ಟವಿರುವುದು ಇದು ಯಾವ ಕೃತಿ, ಇದನ್ನು ಬರೆದವರು ಯಾರು, ಇದರ ವಿಷಯವನ್ನು ಯಾವ ಸಂಪ್ರದಾಯದೊಳಗಿಂದ ಹೆಸರಿಸಬೇಕು ಎಂಬ ತೀರ್ಮಾನದಲ್ಲಿ. ಈ ತೀರ್ಮಾನಕ್ಕೆ ಕ್ಯಾಟಲಾಗರ್‌ನ ನಿಯಮಪುಸ್ತಕ ಅರ್ಧ ಉತ್ತರ ಕೊಡುತ್ತದೆ, ಉಳಿದರ್ಧ ವಿಷಯ ಓದಿಕೊಂಡವರೇ ಕೊಡಬೇಕು. ಅದೂ ಆಧಾರ ತೋರಿಸಿ.

ಒಂದು ದಾಖಲೆಯನ್ನು ಬಿಚ್ಚಿ ನೋಡಿದರೆ

ಇಂದಿಗೂ ಬಹುಪಾಲು ಗ್ರಂಥಾಲಯಗಳ ದಾಖಲೆ ಇರುವುದು ಕಂಪ್ಯೂಟರ್ ಓದಬಲ್ಲ ಮಾರ್ಕ್ ರೂಪದಲ್ಲಿ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಮ್ ಅವರ ನೇತೃತ್ವದಲ್ಲಿ ತಯಾರಾದ ಈ ರೂಪದಲ್ಲಿ ಪ್ರತಿ ಮಾಹಿತಿಗೂ ಮೂರಂಕಿಯ ಫೀಲ್ಡ್ ಇರುತ್ತದೆ, ಫೀಲ್ಡಿನೊಳಗೆ ಒಂದೊಂದು ಅಕ್ಷರದಿಂದ ಗುರುತಿಸುವ ಸಬ್‌ಫೀಲ್ಡ್‌ಗಳು. ಕೆಂಪ್ ಸ್ಮಿತ್ ಅನುವಾದದ ದಾಖಲೆಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಇಷ್ಟು. 100ರಲ್ಲಿ ಲೇಖಕ: ಕಾಂಟ್, ಇಮ್ಯಾನುಯೆಲ್, 1724-1804. 240ರಲ್ಲಿ ಏಕರೂಪ ಶೀರ್ಷಿಕೆ, ಅಂದರೆ ಮೂಲ ಜರ್ಮನ್ ಹೆಸರು, ಅದರ ಪಕ್ಕಕ್ಕೆ ಅನುವಾದದ ಭಾಷೆ. 245ರಲ್ಲಿ ಈ ಪ್ರತಿಯ ಶೀರ್ಷಿಕೆ ಪುಟದಲ್ಲಿ ಅಚ್ಚಾಗಿರುವ ಹೆಸರು. 700ರಲ್ಲಿ ಅನುವಾದಕ. 041ರಲ್ಲಿ ಭಾಷಾ ಸಂಕೇತಗಳು: ಎ ಸಬ್‌ಫೀಲ್ಡಿನಲ್ಲಿ ಪಠ್ಯದ ಭಾಷೆ, ಎಚ್ ಸಬ್‌ಫೀಲ್ಡಿನಲ್ಲಿ ಮೂಲದ ಭಾಷೆ. 264ರಲ್ಲಿ, ಹಳೆಯ ದಾಖಲೆಗಳಾದರೆ 260ರಲ್ಲಿ, ಪ್ರಕಾಶನದ ವಿವರ.

ಇವುಗಳಲ್ಲಿ 240 ಮತ್ತು 245ರ ನಡುವಿನ ವ್ಯತ್ಯಾಸ ಮನಸ್ಸಿಗೆ ಇಳಿಯದೆ ಮುಂದೆ ಹೋಗಬಾರದು. 245 ಕಂಡದ್ದನ್ನು ಕಂಡಂತೆ ಬರೆಯುವ ಜಾಗ. ಶೀರ್ಷಿಕೆ ಪುಟದಲ್ಲಿ ಕಾಗುಣಿತ ತಪ್ಪಿದ್ದರೆ ಆ ತಪ್ಪೂ ಹಾಗೇ ಉಳಿಯಬೇಕು. ಸರಿಯಾದ ರೂಪ 246ಕ್ಕೆ ಹೋಗುತ್ತದೆ. ವಿಷಯ ಗೊತ್ತಿರುವ ವಿದ್ಯಾರ್ಥಿಗಳು ಮೊದಲು ಎಡವುವುದೇ ಇಲ್ಲಿ. ಅಕ್ವೈನಸ್‌ನ ಗ್ರಂಥದ ಮೇಲೆ ‘ಸುಮ್ಮಾ ಥಿಯೋಲಾಜಿಕಾ’ ಎಂದು ಕಂಡರೆ ‘ಸುಮ್ಮಾ ಥಿಯೋಲಾಜಿಯೆ’ ಎಂದು ತಿದ್ದಿಬಿಡುತ್ತಾರೆ. ವಿದ್ವಾಂಸರ ಬಳಕೆ ಎರಡನೆಯದೇ ಇರಬಹುದು. ಆದರೆ ಆ ಪುಸ್ತಕದ ಮೇಲೆ ಮೊದಲನೆಯದು ಅಚ್ಚಾಗಿದ್ದರೆ, ತಿದ್ದಿದ ದಾಖಲೆ ಕಪಾಟಿನಲ್ಲಿರುವ ಪುಸ್ತಕವನ್ನು ತೋರಿಸುವುದಿಲ್ಲ. ಬೇರೆ ಬೇರೆ ಹೆಸರಿನ ಮುದ್ರಣಗಳನ್ನೆಲ್ಲ ಒಂದು ಕಡೆ ತರುವ ಹೊಣೆ 240ರದು. ಅಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಒಪ್ಪಿಕೊಂಡಿರುವ ರೂಪ ‘ಥಿಯೋಲಾಜಿಕಾ’. ಅದು ಹಿಡಿಸದಿದ್ದರೂ ಒಂದೇ ರೂಪ ಎಲ್ಲೆಡೆ ಇರುವುದೇ ಅದರ ಉಪಯೋಗ.

ಇಸವಿಯ ಸಮಸ್ಯೆ ಸಣ್ಣದಾಗಿ ಕಾಣುತ್ತದೆ, ಆದರೆ ಸಂಶೋಧನೆಯ ಅಂಕಿಗಳನ್ನು ಅದರಷ್ಟು ಹಾಳುಮಾಡುವುದು ಬೇರೊಂದಿಲ್ಲ. 008 ಎಂಬ ಫೀಲ್ಡಿನಲ್ಲಿ 40 ಸ್ಥಾನಗಳಿವೆ, ಎಣಿಕೆ ಸೊನ್ನೆಯಿಂದ ಶುರು. 6ನೆಯ ಸ್ಥಾನದಲ್ಲಿ ಇಸವಿಯ ಬಗೆ, 7ರಿಂದ 10ರವರೆಗೆ ಮೊದಲ ಇಸವಿ, 11ರಿಂದ 14ರವರೆಗೆ ಎರಡನೆಯದು. ಒಂದೇ ಇಸವಿ ಇದ್ದರೆ ಬಗೆ ‘ಎಸ್’. ಮರುಮುದ್ರಣವಾದರೆ ‘ಆರ್’, ಆಗ ಮೊದಲ ಇಸವಿ ಮರುಮುದ್ರಣದ್ದು, ಎರಡನೆಯದು ಮೂಲ ಮುದ್ರಣದ್ದು. ಆತುರದಲ್ಲಿ ಮಾಡಿದ ದಾಖಲೆಗಳಲ್ಲಿ ಮರುಮುದ್ರಣಕ್ಕೂ ‘ಎಸ್’ ಹಾಕಿರುತ್ತಾರೆ. 1929ರ ಅನುವಾದದ ಅರವತ್ತರ ದಶಕದ ಮರುಮುದ್ರಣಗಳು ಹೀಗೆ ದಾಖಲಾಗಿದ್ದರೆ, ಆ ದಶಕದಲ್ಲಿ ಕಾಂಟ್‌ನ ಹೊಸ ಅನುವಾದಗಳು ಹೆಚ್ಚಾದವು ಎಂದು ನಕ್ಷೆ ತೋರಿಸುತ್ತದೆ. ಆದ್ದರಿಂದ ಇಸವಿ ಎಣಿಸುವ ಮೊದಲು 008ರ 6ನೆಯ ಸ್ಥಾನವನ್ನೂ ಆವೃತ್ತಿ ವಿವರದ 250ನ್ನೂ ಟಿಪ್ಪಣಿಯ 500ನ್ನೂ ಒಟ್ಟಿಗೆ ನೋಡಬೇಕು.

ಭಾಷಾ ಸಂಕೇತದಲ್ಲೂ ಇಂಥದೇ ಒಂದು ಗುಂಡಿ ಇದೆ. ಗ್ರೀಕ್‌ಗೆ ಎರಡು ಸಂಕೇತ: 1453ರ ತನಕದ ಪ್ರಾಚೀನ ಗ್ರೀಕ್‌ಗೆ ‘ಜಿ-ಆರ್-ಸಿ’, ಅನಂತರದ ಆಧುನಿಕ ಗ್ರೀಕ್‌ಗೆ ‘ಜಿ-ಆರ್-ಇ’. ಅರಿಸ್ಟಾಟಲ್‌ನ ಮೂಲಪಠ್ಯಕ್ಕೆ ಎರಡನೆಯದನ್ನು ಹಾಕಿದ ದಾಖಲೆಗಳು ಸಾಕಷ್ಟು ಸಿಗುತ್ತವೆ. ಪ್ಲೇಟೊ, ಅರಿಸ್ಟಾಟಲ್, ಗ್ರೀಕ್ ಚರ್ಚ್ ಪಿತೃಗಳು, ಹೊಸ ಒಡಂಬಡಿಕೆ, ಇವುಗಳನ್ನು ಭಾಷೆಯ ಮೇಲೆ ಜರಡಿ ಹಿಡಿಯುವಾಗ ಎರಡೂ ಸಂಕೇತಗಳನ್ನು ಸೇರಿಸಿಯೇ ಹುಡುಕಿ.

ಹೆಸರಿನ ಹಿಂದಿರುವ ವ್ಯಕ್ತಿ

ಒಬ್ಬ ವ್ಯಕ್ತಿಗೆ ಒಂದೇ ಒಪ್ಪಿತ ರೂಪ ಇರಲೆಂದು ಗ್ರಂಥಾಲಯಗಳು ಅಥಾರಿಟಿ ದಾಖಲೆ ಇಡುತ್ತವೆ. ಅದರ 100ರಲ್ಲಿ ಒಪ್ಪಿತ ಹೆಸರು, 400ರಲ್ಲಿ ಬೇರೆ ಹೆಸರುಗಳು, 670ರಲ್ಲಿ ಈ ಮಾಹಿತಿ ಎಲ್ಲಿ ಕಂಡಿತು ಎಂಬ ಆಧಾರ. ಆಧುನಿಕ ಲೇಖಕರ ಮಟ್ಟಿಗೆ ಇದು ಸರಾಗ. ಹಳೆಯ ಚಿಂತಕರಲ್ಲಿ ಹಾಗಲ್ಲ. ಥಾಮಸ್ ಅಕ್ವೈನಸ್ ‘ಥಾಮಸ್, ಅಕ್ವೈನಸ್, ಸೇಂಟ್, 1225?-1274’ ಎಂದು ಥಾಮಸ್‌ನ ಕೆಳಗೆ ಬರುತ್ತಾನೆ, ಏಕೆಂದರೆ ಅಕ್ವೈನಸ್ ಮನೆತನದ ಹೆಸರಲ್ಲ, ಅಕ್ವೀನೊ ಎಂಬ ಊರಿನಿಂದ ಬಂದದ್ದು. ಲೇಖಕರ ಹೆಸರನ್ನು ತಾನಾಗಿ ಎರಡು ಹೋಳು ಮಾಡುವ ಸಾಫ್ಟ್‌ವೇರ್ ಇಲ್ಲಿ ತಪ್ಪದೆ ತಪ್ಪುತ್ತದೆ. ಇಬ್ನ್ ರುಶ್ದ್‌ನನ್ನು ಅವೆರೊಯಿಸ್ ಎಂಬ ಲ್ಯಾಟಿನ್ ರೂಪದಲ್ಲಿ ಇಟ್ಟಿರುತ್ತಾರೆ, ಅರಬಿ ರೂಪಗಳು 400ರಲ್ಲಿ ಇರುತ್ತವೆ. ಅರಬಿ ಹೆಸರಿನಿಂದ ಹುಡುಕಿದಾಗ ಏನೂ ಬರದಿದ್ದರೆ, ಆ ಕ್ಯಾಟಲಾಗ್ ಅಥಾರಿಟಿ ದಾಖಲೆಯ 400ನ್ನು ಹುಡುಕಾಟಕ್ಕೆ ಜೋಡಿಸಿಲ್ಲ ಎಂದು ಊಹಿಸಬಹುದು.

ನಿಯಮಗಳು ಬದಲಾದ ಗುರುತೂ ಹೆಸರಿನಲ್ಲಿ ಉಳಿಯುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್ 2013ರ ಮಾರ್ಚ್ 31ರಿಂದ ಆರ್‌ಡಿಎ ಎಂಬ ಹೊಸ ನಿಯಮಾವಳಿಗೆ ಬಂತು. ಆಗ ‘ಸುಮಾರು’, ‘ಆ ಕಾಲದಲ್ಲಿದ್ದ’ ಎಂಬರ್ಥದ ಲ್ಯಾಟಿನ್ ಮೊಟಕು ರೂಪಗಳು ಹೋಗಿ ಪೂರ್ಣ ಇಂಗ್ಲಿಷ್ ಪದಗಳು ಬಂದವು. ಬೈಬಲಿನ ಬಿಡಿ ಪುಸ್ತಕಗಳ ಹೆಸರಿನ ನಡುವೆ ಇರುತ್ತಿದ್ದ ‘ಓ.ಟಿ.’ (ಹಳೆಯ ಒಡಂಬಡಿಕೆ), ‘ಎನ್.ಟಿ.’ (ಹೊಸ ಒಡಂಬಡಿಕೆ) ಬಿದ್ದುಹೋಗಿ ‘ಬೈಬಲ್. ಜೆನೆಸಿಸ್’ ಎಂಬ ನೇರ ರೂಪ ನಿಂತಿತು. ಕುರಾನಿನ ಶೀರ್ಷಿಕೆಯ ಕಾಗುಣಿತವೂ ಬದಲಾಯಿತು. ಒಂದೇ ಕ್ಯಾಟಲಾಗಿನಲ್ಲಿ ಹಳತೂ ಹೊಸತೂ ಬೆರೆತಿರುವುದರಿಂದ, ಬೈಬಲ್ ವ್ಯಾಖ್ಯಾನಗಳ ಪಟ್ಟಿ ತೆಗೆಯುವವರು ಎರಡೂ ರೂಪಗಳನ್ನು ಕೊಟ್ಟು ಹುಡುಕದಿದ್ದರೆ ಒಂದು ಭಾಗ ಕೈತಪ್ಪುತ್ತದೆ.

ನಿಜವಾದ ಪೇಚು ಕರ್ತೃತ್ವದ್ದು. ಸೂಡೊ-ಡಯೊನೀಷಿಯಸ್‌ನ ಗ್ರಂಥಗಳ ಶೀರ್ಷಿಕೆ ಪುಟದಲ್ಲಿ ಬರೀ ‘ಡಯೊನೀಷಿಯಸ್’ ಎಂದಿರಬಹುದು, ಆದರೆ ಬರೆದವನು ಪೌಲನ ಮಾತು ಕೇಳಿ ಕ್ರೈಸ್ತನಾದ ಅಥೆನ್ಸ್‌ನ ಡಯೊನೀಷಿಯಸ್ ಅಲ್ಲ, ಅವನಿಗಿಂತ ಶತಮಾನಗಳ ನಂತರದವನು. ನಾಗಾರ್ಜುನ ಎಂಬ ಹೆಸರಿನಲ್ಲಿ ಬೌದ್ಧರ ಮಾಧ್ಯಮಿಕ ಪಂಥದ ದಾರ್ಶನಿಕನೂ ಇದ್ದಾನೆ, ತಂತ್ರ ಮತ್ತು ರಸವಿದ್ಯೆಯ ಗ್ರಂಥಗಳನ್ನು ಬರೆದವರೂ ಇದ್ದಾರೆ. ಶಂಕರಾಚಾರ್ಯರ ಹೆಸರಿನ ಪ್ರಕರಣ ಗ್ರಂಥಗಳಲ್ಲಿ ಹಲವು ಅವರವೇ ಹೌದೋ ಅಲ್ಲವೋ ಎಂಬ ಚರ್ಚೆ ಮುಗಿದಿಲ್ಲ. ‘ವಿವೇಕಚೂಡಾಮಣಿ’ ಅದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಕೀರ್ಕೆಗಾರ್ಡ್ 1843ರಲ್ಲಿ ‘ಈದರ್/ಆರ್’ ಹೊರತಂದದ್ದು ವಿಕ್ಟರ್ ಎರೆಮಿಟಾ ಎಂಬ ಸಂಪಾದಕನ ಹೆಸರಿನಲ್ಲಿ, ‘ಫಿಯರ್ ಅಂಡ್ ಟ್ರೆಂಬ್ಲಿಂಗ್’ ತಂದದ್ದು ಯೊಹಾನೆಸ್ ಡೆ ಸಿಲೆಂಟಿಯೊ ಹೆಸರಿನಲ್ಲಿ, ಮತ್ತು ಆ ಮುಖವಾಡಗಳಿಗೆ ಅವನ ತತ್ತ್ವದಲ್ಲೇ ಪಾತ್ರವಿದೆ.

ಇಂಥ ಕಡೆ ವಿದ್ಯಾರ್ಥಿ ತನ್ನ ಅಭಿಪ್ರಾಯದ ಮೇಲೆ ಹೆಸರು ಅಳಿಸಬಾರದು. ಶೀರ್ಷಿಕೆ ಪುಟದ ಹೆಸರು 245ರ ಸಿ ಸಬ್‌ಫೀಲ್ಡಿನಲ್ಲಿ ಇದ್ದಂತೆ ಇರಲಿ. ಕರ್ತೃತ್ವ ಸಂಶಯದಲ್ಲಿದ್ದರೆ ಮಾರ್ಕ್‌ನಲ್ಲಿ ‘ಆರೋಪಿತ ಹೆಸರು’ ಎಂಬ ಸಂಬಂಧ ಸೂಚಕವೇ ಇದೆ, ಅದರ ಸಂಕೇತ ‘ಎ-ಟಿ-ಟಿ’. ಅದನ್ನು ಹಾಕಿ, 500ರಲ್ಲಿ ಒಂದು ಸಾಲಿನ ಟಿಪ್ಪಣಿ ಬರೆದು, ಸಂಶಯ ಎತ್ತಿದ ವಿಮರ್ಶಾತ್ಮಕ ಆವೃತ್ತಿ ಅಥವಾ ಲೇಖನವನ್ನು ಹೆಸರಿಸಿದರೆ ಸಾಕು. ಗುಪ್ತನಾಮವಾದರೆ ಅಥಾರಿಟಿ ದಾಖಲೆಯಲ್ಲಿ ಅದಕ್ಕೊಂದು ಅಡ್ಡಸೂಚನೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಗ್ರಂಥಪಾಲಕರಿಗೆ ತಿಳಿಸಿ.

ವ್ಯಕ್ತಿಗಳನ್ನು ಗುರುತಿಸಲು ಸಂಖ್ಯೆಗಳೂ ಇವೆ. ವಿಯಾಫ್ ಎಂಬುದು ಹಲವು ದೇಶಗಳ ರಾಷ್ಟ್ರೀಯ ಗ್ರಂಥಾಲಯಗಳ ಹೆಸರಿನ ಕಡತಗಳನ್ನು ಯಂತ್ರದಿಂದ ಹೊಂದಿಸಿ ಮಾಡಿದ ಗುಚ್ಛಗಳ ಸಂಗ್ರಹ. ಯಂತ್ರ ಹೊಂದಿಸಿದ್ದರಿಂದ ಒಂದೇ ಹೆಸರಿನ ಇಬ್ಬರು ಒಂದಾಗಿರಬಹುದು, ಒಬ್ಬನೇ ಎರಡಾಗಿರಬಹುದು, ಗುಚ್ಛ ಒಡೆದಾಗ ಸಂಖ್ಯೆಯೂ ಬದಲಾಗಬಹುದು. ಹಾಗಾಗಿ ವಿಯಾಫ್ ಸಂಖ್ಯೆಯನ್ನಷ್ಟೇ ನಂಬಿ ಕೂರದೆ, ಜೊತೆಗೆ ಲೈಬ್ರರಿ ಆಫ್ ಕಾಂಗ್ರೆಸ್‌ನದೋ ಜರ್ಮನಿಯ ಅಥಾರಿಟಿ ಕಡತವಾದ ಜಿಎನ್‌ಡಿಯದೋ ಮೂಲ ಸಂಖ್ಯೆಯನ್ನೂ ಬರೆದುಕೊಳ್ಳಿ. ವಿಕಿಪೀಡಿಯದ ಸೋದರ ದತ್ತಸಂಗ್ರಹವಾದ ವಿಕಿಡೇಟಾದಲ್ಲಿ ವಿಯಾಫ್, ಲೈಬ್ರರಿ ಆಫ್ ಕಾಂಗ್ರೆಸ್, ಜಿಎನ್‌ಡಿ ಸಂಖ್ಯೆಗಳು ಕ್ರಮವಾಗಿ ಪಿ214, ಪಿ244, ಪಿ227 ಎಂಬ ಗುಣಗಳ ಕೆಳಗೆ ಸಿಗುತ್ತವೆ.

ಸೂತ್ರ, ಭಾಷ್ಯ, ಟೀಕೆ

ತತ್ತ್ವಶಾಸ್ತ್ರ ಮತ್ತು ದೇವತಾಶಾಸ್ತ್ರದ ದಾಖಲೆಗಳು ಉಳಿದವಕ್ಕಿಂತ ತೊಡಕಾಗಲು ಮುಖ್ಯ ಕಾರಣ, ಇಲ್ಲಿ ಪುಸ್ತಕಗಳು ಪುಸ್ತಕಗಳ ಮೇಲೆ ಬೆಳೆಯುತ್ತವೆ. ಬಾದರಾಯಣರ ಬ್ರಹ್ಮಸೂತ್ರಕ್ಕೆ ಶಂಕರರ ಭಾಷ್ಯ, ಭಾಷ್ಯಕ್ಕೆ ವಾಚಸ್ಪತಿ ಮಿಶ್ರರ ಭಾಮತೀ, ಭಾಮತಿಗೆ ಅಮಲಾನಂದರ ಕಲ್ಪತರು, ಕಲ್ಪತರುವಿಗೆ ಅಪ್ಪಯ್ಯ ದೀಕ್ಷಿತರ ಪರಿಮಳ. ಐದೂ ಒಂದೇ ಸಂಪುಟದಲ್ಲಿ ಅಚ್ಚಾಗುವುದುಂಟು. ಪುಟದ ತಲೆಯಲ್ಲಿ ಎರಡು ಸಾಲು ಸೂತ್ರ-ಭಾಷ್ಯ, ಕೆಳಗೆಲ್ಲ ಟೀಕೆಗಳ ಪದರ. ಅಂಥ ಸಂಪುಟದ ಲೇಖಕ ಯಾರು?

ನಿಯಮ ಸರಳ: ಶೀರ್ಷಿಕೆ ಪುಟ ಅದನ್ನು ಹೇಗೆ ಮುಂದಿಡುತ್ತದೆ ನೋಡಿ. ‘ಇಂಥವರ ಭಾಷ್ಯ’ ಎಂದು ಮುಂದಿಟ್ಟರೆ ಭಾಷ್ಯಕಾರನೇ ಲೇಖಕ. ಮೂಲಪಠ್ಯದ ಆವೃತ್ತಿ, ಜೊತೆಗೆ ವ್ಯಾಖ್ಯಾನವೂ ಇದೆ ಎಂಬಂತೆ ಇಟ್ಟರೆ ಮೂಲದ ಕರ್ತೃವೇ 100ರಲ್ಲಿ. ಉಳಿದವರನ್ನು ಹೇಗೆ ಬರೆಯುತ್ತೀರಿ ಎಂಬುದರ ಮೇಲೆ ಆಮೇಲಿನ ಹುಡುಕಾಟವೆಲ್ಲ ನಿಂತಿದೆ. ಸಂಪುಟದಲ್ಲಿ ಆ ಪಠ್ಯ ನಿಜವಾಗಿ ಸೇರಿದ್ದರೆ 700ರಲ್ಲಿ ಹೆಸರನ್ನೂ, ಟಿ ಸಬ್‌ಫೀಲ್ಡಿನಲ್ಲಿ ಕೃತಿಯ ಶೀರ್ಷಿಕೆಯನ್ನೂ ಕೊಟ್ಟು, ಎರಡನೆಯ ಸೂಚಕವನ್ನು (ಫೀಲ್ಡ್ ಸಂಖ್ಯೆಯ ಬೆನ್ನಿಗೆ ಬರುವ ಎರಡು ಸ್ಥಾನಗಳಲ್ಲಿ ಎರಡನೆಯದನ್ನು) 2 ಮಾಡಬೇಕು. ‘ಇದು ಒಳಗಿದೆ’ ಎಂದು ಅದರರ್ಥ. ಆ ಪಠ್ಯದ ಬಗ್ಗೆ ಚರ್ಚೆ ಮಾತ್ರ ಇದ್ದು ಪಠ್ಯವೇ ಇಲ್ಲದಿದ್ದರೆ, ಅದೇ ಹೆಸರು ಮತ್ತು ಶೀರ್ಷಿಕೆ 600ಕ್ಕೆ, ಅಂದರೆ ವಿಷಯದ ಸಾಲಿಗೆ, ಹೋಗಬೇಕು. ಭಾಷ್ಯದಲ್ಲಿ ಮೂಲವೂ ಇದ್ದರೆ ಎರಡೂ ಬೇಕು. ಬಹಳಷ್ಟು ಹಳೆಯ ದಾಖಲೆಗಳಲ್ಲಿ ಟೀಕಾಕಾರರ ಹೆಸರು 245ರ ಸಾಲಿನೊಳಗೇ ಹೂತುಹೋಗಿರುತ್ತದೆ, 700 ಇರುವುದೇ ಇಲ್ಲ. ಆಗ ಅಮಲಾನಂದರನ್ನು ಲೇಖಕರೆಂದು ಹುಡುಕಿದವರಿಗೆ ಕಲ್ಪತರು ಇರುವ ಸಂಪುಟ ಸಿಗುವುದಿಲ್ಲ. ಸಂಸ್ಕೃತ ಓದಬಲ್ಲ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಇಂಥ ಹತ್ತಾರು ಸಂಪುಟಗಳ ಒಳಪುಟ ನೋಡಿ 700ಗಳನ್ನು ಸೂಚಿಸಿಕೊಟ್ಟರೆ, ಯಾವ ತಂತ್ರಾಂಶವೂ ಮಾಡಲಾಗದ ಕೆಲಸ ಆಗುತ್ತದೆ.

ಇದೇ ತೊಡಕಿನ ಇನ್ನೊಂದು ಮುಖ ದೊಡ್ಡ ಮಾಲಿಕೆಗಳು. ಮಿಞ್ ಹೊರತಂದ, ಲ್ಯಾಟಿನ್ ಕ್ರೈಸ್ತ ಲೇಖಕರ ಬರಹಗಳ ಸಂಗ್ರಹವಾದ ‘ಪತ್ರೋಲೋಗಿಯಾ ಲತೀನಾ’ 221 ಸಂಪುಟ. ಹಲವೆಡೆ ಈ ಇಡೀ ಮಾಲಿಕೆಗೆ ಇರುವುದು ಒಂದೇ ದಾಖಲೆ. ಒಳಗಿರುವ ನೂರಾರು ಲೇಖಕರು ಕ್ಯಾಟಲಾಗಿನ ಮಟ್ಟಿಗೆ ಇಲ್ಲವೇ ಇಲ್ಲ. ಸಂಪಾದಿತ ಲೇಖನ ಸಂಗ್ರಹಗಳ, ಅಭಿನಂದನ ಗ್ರಂಥಗಳ ಪಾಡೂ ಅಷ್ಟೆ: 505ರಲ್ಲಿ ಪರಿವಿಡಿ ಹಾಕಿದ್ದರೆ ಅಧ್ಯಾಯಗಳ ಹೆಸರು ಪದಹುಡುಕಾಟಕ್ಕೆ ಸಿಕ್ಕಾವು, ಇಲ್ಲದಿದ್ದರೆ ಇಲ್ಲ. ಲೇಖನ ಮಟ್ಟದ ಹುಡುಕಾಟಕ್ಕೆ ಫಿಲಾಸಫರ್ಸ್ ಇಂಡೆಕ್ಸ್, ಫಿಲ್‌ಪೇಪರ್ಸ್, ಅಟ್ಲಾ, ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗ್ರಂಥಾಲಯದ ಇಂಡೆಕ್ಸ್ ಥಿಯೋಲಾಜಿಕಸ್ ಇವುಗಳಿಗೆ ಹೋಗಬೇಕು. ಕ್ಯಾಟಲಾಗಿನಲ್ಲಿ ಸಿಗಲಿಲ್ಲ ಎಂದಮಾತ್ರಕ್ಕೆ ಬರಹವೇ ಇಲ್ಲ ಎಂದು ಪ್ರಬಂಧದಲ್ಲಿ ಬರೆಯುವ ಹಾಗಿಲ್ಲ.

ಕೃತಿ, ಅದರ ಒಂದು ಭಾಷಾರೂಪ, ಆ ರೂಪದ ಒಂದು ಮುದ್ರಣ, ಆ ಮುದ್ರಣದ ಕಪಾಟಿನ ಪ್ರತಿ, ಈ ನಾಲ್ಕು ಹಂತಗಳನ್ನು ಬಿಡಿಸಿ ಹೇಳಿದ್ದು 1998ರ ಎಫ್‌ಆರ್‌ಬಿಆರ್ ಮಾದರಿ. 2017ರಲ್ಲಿ ಅದು ಎಲ್‌ಆರ್‌ಎಮ್ ಆಗಿ ಪರಿಷ್ಕೃತವಾಯಿತು. ಎಣಿಸುವ ಮೊದಲು ಯಾವ ಹಂತವನ್ನು ಎಣಿಸುತ್ತಿದ್ದೀರಿ ಎಂದು ಬರೆದಿಟ್ಟುಕೊಳ್ಳಿ. ಮಾರ್ಕ್ ದಾಖಲೆ ಸಾಮಾನ್ಯವಾಗಿ ಮೂರನೆಯ ಹಂತದ್ದು. ‘ಕಾಂಟ್‌ಗೆ ಎಷ್ಟು ಇಂಗ್ಲಿಷ್ ಅನುವಾದ’ ಎಂಬುದು ಎರಡನೆಯ ಹಂತದ ಪ್ರಶ್ನೆ. ದಾಖಲೆಗಳನ್ನು ಸುಮ್ಮನೆ ಎಣಿಸಿ ಉತ್ತರ ಕೊಟ್ಟರೆ ಹಲವು ಪಟ್ಟು ಹೆಚ್ಚಾಗುತ್ತದೆ.

ವಿಷಯದ ಹೆಸರು ಯಾರ ಕಣ್ಣಿನದು

650ರಲ್ಲಿ ಬರುವ ವಿಷಯ ಶೀರ್ಷಿಕೆಗಳು ಹೆಚ್ಚಾಗಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಪಟ್ಟಿಯವು. ಅದರ ಕೈಪಿಡಿಯ ಸಾಮಾನ್ಯ ಸೂತ್ರದ ಪ್ರಕಾರ ಒಂದು ವಿಷಯ ಪುಸ್ತಕದ ಕನಿಷ್ಠ 20 ಶೇಕಡಾ ಭಾಗವನ್ನಾದರೂ ಆವರಿಸಿದ್ದರೆ ಮಾತ್ರ ಅದಕ್ಕೆ ಶೀರ್ಷಿಕೆ. ಹತ್ತು ಅಧ್ಯಾಯದ ಪುಸ್ತಕದಲ್ಲಿ ಒಂದು ಅಧ್ಯಾಯ ನಿಮ್ಮ ಪ್ರಬಂಧದ ವಿಷಯದ ಮೇಲಿದ್ದರೆ, ವಿಷಯದ ಹುಡುಕಾಟದಲ್ಲಿ ಅದು ಕಾಣುವುದೇ ಇಲ್ಲ.

ತತ್ತ್ವಶಾಸ್ತ್ರಕ್ಕೂ ದೇವತಾಶಾಸ್ತ್ರಕ್ಕೂ ಒಂದೇ ಸಮಸ್ಯೆ ಎರಡು ಹೆಸರಿನಲ್ಲಿ ಹಂಚಿಹೋಗಿರುತ್ತದೆ. ಮನುಷ್ಯನ ಸಂಕಲ್ಪ ಸ್ವತಂತ್ರವೇ ಎಂಬ ಚರ್ಚೆ ‘ಫ್ರೀ ವಿಲ್ ಅಂಡ್ ಡಿಟರ್ಮಿನಿಸಂ’ ಕೆಳಗೂ ಇದೆ, ‘ಪ್ರಿಡೆಸ್ಟಿನೇಷನ್’ ಕೆಳಗೂ ಇದೆ. ಕೇಡಿನ ಸಮಸ್ಯೆ ‘ಗುಡ್ ಅಂಡ್ ಈವಿಲ್’, ‘ಥಿಯೋಡಿಸಿ’, ‘ಪ್ರಾವಿಡೆನ್ಸ್ ಅಂಡ್ ಗವರ್ನಮೆಂಟ್ ಆಫ್ ಗಾಡ್’ ಮೂರರಲ್ಲೂ ಚದುರಿದೆ. ಹುಡುಕುವ ಮುನ್ನ ಗೊತ್ತಿರುವ ಐದಾರು ಪುಸ್ತಕಗಳ ದಾಖಲೆ ತೆರೆದು ಅವುಗಳಿಗೆ ಯಾವ ಶೀರ್ಷಿಕೆ ಹಾಕಿದ್ದಾರೆ ಎಂದು ನೋಡುವುದು ಪಟ್ಟಿಯನ್ನು ತಲೆಯಿಂದ ಓದುವುದಕ್ಕಿಂತ ಬೇಗ ದಾರಿ ತೋರಿಸುತ್ತದೆ. ಹಾಗೆಯೇ, ಯಾವ ವಿಶೇಷಣವೂ ಇಲ್ಲದ ಧಾರ್ಮಿಕ ಪದ ಕ್ರೈಸ್ತಧರ್ಮದ್ದೇ ಎಂಬ ಊಹೆ ಹಳೆಯ ಪಟ್ಟಿಯಲ್ಲಿ ಇತ್ತು. ಈಗ ‘ಸಾಲ್ವೇಷನ್’ಗೆ ‘ಕ್ರಿಶ್ಚಿಯಾನಿಟಿ’, ‘ಹಿಂದೂಯಿಸಂ’ ಎಂದು ಉಪವಿಭಾಗ ಸೇರಿಸುತ್ತಾರೆ. ಹಳೆಯ ದಾಖಲೆಗಳು ತಿದ್ದದೆ ಉಳಿದಿದ್ದರೆ ಬರೀ ‘ಸಾಲ್ವೇಷನ್’ ಎಂದಿರುವುದು ಯಾವ ಧರ್ಮದ್ದು ಎಂದು ಪುಸ್ತಕ ನೋಡಿಯೇ ಹೇಳಬೇಕಾಗುತ್ತದೆ.

ವರ್ಗೀಕರಣದಲ್ಲಿ ಈ ವಾಲಿಕೆ ಇನ್ನೂ ನಿಚ್ಚಳ. 1876ರಲ್ಲಿ ಹುಟ್ಟಿದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ 200 ಧರ್ಮಕ್ಕೆ. ಅದರ ಹತ್ತು ವಿಭಾಗಗಳಲ್ಲಿ 220ರಿಂದ 280ರವರೆಗೆ ಏಳು ಬೈಬಲ್ ಮತ್ತು ಕ್ರೈಸ್ತಧರ್ಮಕ್ಕೆ ಹೋಗಿ, ಲೋಕದ ಉಳಿದೆಲ್ಲ ಧರ್ಮಗಳು 290ರೊಳಗೆ ಇಕ್ಕಟ್ಟಿನಲ್ಲಿವೆ. ಬೌದ್ಧ 294.3, ಜೈನ 294.4, ಹಿಂದೂ 294.5, ಯಹೂದಿ 296, ಇಸ್ಲಾಂ 297. ಯುಡಿಸಿ ಎಂಬ ಇನ್ನೊಂದು ವರ್ಗೀಕರಣ ಪದ್ಧತಿ ತನ್ನ ಧರ್ಮದ ವರ್ಗವನ್ನು 2000ದಲ್ಲಿ ಪೂರ್ತಿ ಕಳಚಿ ಹೊಸದಾಗಿ ಜೋಡಿಸಿತು, ಡ್ಯೂಯಿಯ ಚೌಕಟ್ಟು ಹಾಗೇ ಉಳಿಯಿತು. ವೇದಾಂತದ ಪುಸ್ತಕವನ್ನು ತತ್ತ್ವಶಾಸ್ತ್ರವೆಂದು 181.48ಕ್ಕೆ ಹಾಕಬಹುದು, ಧರ್ಮವೆಂದು 294.5ಕ್ಕೂ ಹಾಕಬಹುದು, ಹಾಗಾಗಿ ಒಬ್ಬನೇ ಆಚಾರ್ಯನ ಪುಸ್ತಕಗಳು ಎರಡು ಮಹಡಿಗಳಲ್ಲಿ ಹಂಚಿಹೋಗುತ್ತವೆ. ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲೂ ತತ್ತ್ವಶಾಸ್ತ್ರದ ‘ಬಿ’ ಮತ್ತು ಧರ್ಮಗಳ ‘ಬಿಎಲ್’ ನಡುವೆ ಇದೇ ಜಗ್ಗಾಟ. (ಅದೇ ‘ಬಿ’ ಕುಟುಂಬದ ‘ಬಿಎಫ್’ನಲ್ಲಿ ಮನೋವಿಜ್ಞಾನ ಇಂದಿಗೂ ಕುಳಿತಿದೆ, ಮನೋವಿಜ್ಞಾನವನ್ನು ತತ್ತ್ವಶಾಸ್ತ್ರದ ಭಾಗವೆಂದು ಎಣಿಸುತ್ತಿದ್ದ ಕಾಲದ ಗುರುತು ಅದು.) ವರ್ಗ ಸಂಖ್ಯೆಯನ್ನೇ ಆಧರಿಸಿ ‘ಈ ಗ್ರಂಥಾಲಯದಲ್ಲಿ ಭಾರತೀಯ ತತ್ತ್ವಶಾಸ್ತ್ರ ಇಷ್ಟು’ ಎಂದು ಅಳೆಯುವ ಪ್ರಬಂಧಗಳು ಇಲ್ಲೇ ಜಾರುತ್ತವೆ.

ಚುಕ್ಕಿ, ಗೆರೆ, ಉಂಗುರ

ಸಂಸ್ಕೃತ, ಪಾಲಿ, ಅರಬಿ, ಹೀಬ್ರೂ ಹೆಸರುಗಳು ಬಹುತೇಕ ರೋಮನ್ ಲಿಪಿಯಲ್ಲಿರುತ್ತವೆ, ಅಕ್ಷರದ ಮೇಲೆ ಕೆಳಗೆ ಗುರುತುಗಳ ಸಮೇತ. ಮೂಲ ಲಿಪಿ ಇದ್ದರೆ 880ರಲ್ಲಿ ಇರುತ್ತದೆ, 6 ಎಂಬ ಸಬ್‌ಫೀಲ್ಡ್ ಅದನ್ನು ಜೋಡಿ ಫೀಲ್ಡಿಗೆ ಕಟ್ಟುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಆ 6ನ್ನು ಬಿಟ್ಟರೆ ಯಾವ ಲಿಪ್ಯಂತರ ಯಾವ ಮೂಲದ್ದು ಎಂಬ ನಂಟು ಕಡಿದುಹೋಗುತ್ತದೆ.

ಋ ಅಕ್ಷರಕ್ಕೆ ವಿದ್ವಾಂಸರ ರೂಢಿ ಆರ್ ಅಡಿಯಲ್ಲಿ ಚುಕ್ಕಿ. ಗ್ರಂಥಾಲಯಗಳ ಲಿಪ್ಯಂತರ ಕೋಷ್ಟಕದಲ್ಲಿ ಆರ್ ಅಡಿಯಲ್ಲಿ ಸಣ್ಣ ಉಂಗುರ. ಋಗ್ವೇದವನ್ನು ಚುಕ್ಕಿ ಹಾಕಿ ಹುಡುಕಿದರೆ ಕೆಲವು ವ್ಯವಸ್ಥೆಗಳಲ್ಲಿ ಸೊನ್ನೆ ಫಲಿತಾಂಶ. ಇನ್ನೂ ಕಣ್ಣಿಗೆ ಕಾಣದ್ದು ಯೂನಿಕೋಡ್ ರೂಪಗಳ ಭೇದ. ಗುರುತುಳ್ಳ ಒಂದು ಅಕ್ಷರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಅಕ್ಷರ ಮತ್ತು ಗುರುತು ಎಂದು ಎರಡಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಕನ್ನಡದ ಒ-ಕಾರಕ್ಕೂ ಇದೇ ಗತಿ: ಒಂದೇ ಚಿಹ್ನೆಯಾಗಿ ಇರಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳ ಜೋಡಿಯಾಗಿಯೂ ಇರಬಹುದು. ಹೋಲಿಸುವ ಮೊದಲು ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಅಕ್ಷರ ಮತ್ತು ಗುರುತನ್ನು ಆದಷ್ಟು ಒಂದೇ ಸಂಕೇತವಾಗಿ ಕೂಡಿಸುವ ರೂಪಕ್ಕೆ, ತನ್ನಿ.

ದಾಖಲೆಯ ಮೊದಲ 24 ಸ್ಥಾನಗಳ ಲೀಡರ್‌ನಲ್ಲಿ 9ನೆಯದು ಅಕ್ಷರ ವ್ಯವಸ್ಥೆ ಹೇಳುತ್ತದೆ: ‘ಎ’ ಇದ್ದರೆ ಯೂನಿಕೋಡ್, ಖಾಲಿ ಇದ್ದರೆ ಹಳೆಯ ಮಾರ್ಕ್-8. ಮಾರ್ಕ್-8ರಲ್ಲಿ ಗುರುತು ಅಕ್ಷರದ ಮುಂಚೆ ಬರುತ್ತದೆ, ಯೂನಿಕೋಡ್‌ನಲ್ಲಿ ನಂತರ. ಆದ್ದರಿಂದ ಪರಿವರ್ತನೆ ಕೆಟ್ಟರೆ ಚುಕ್ಕಿಗಳೆಲ್ಲ ಒಂದು ಅಕ್ಷರ ಪಕ್ಕಕ್ಕೆ ಸರಿದು ಕೂರುತ್ತವೆ. ಶಂಕರ ಎಂಬ ಹೆಸರಿನಲ್ಲಿ ಎಸ್ ಮೇಲಿರಬೇಕಾದ ಓರೆಗೆರೆ ಎ ಮೇಲೆ ಕಂಡರೆ ಕಾರಣ ಬಹುಮಟ್ಟಿಗೆ ಇದೇ. ಅದನ್ನು ಒಂದೊಂದಾಗಿ ಕೈಯಿಂದ ತಿದ್ದಬೇಡಿ; ಮೂಲ ಕಡತದಿಂದ ಸರಿಯಾದ ವ್ಯವಸ್ಥೆ ಆರಿಸಿ ಮತ್ತೆ ಪರಿವರ್ತಿಸಿ.

ಕೆಲಸ ನಡೆಸುವ ಬಗೆ

ದಾಖಲೆಗಳನ್ನು ಪಡೆಯುವಾಗಲೇ ಅರ್ಧ ಫಲಿತಾಂಶ ನಿರ್ಧಾರವಾಗುತ್ತದೆ. ವಿಶ್ವವಿದ್ಯಾಲಯಗಳ ಡಿಜಿಟಲ್ ಭಂಡಾರಗಳಿಂದ ಓಎಐ-ಪಿಎಂಎಚ್ ಎಂಬ ದಾಖಲೆ ಬಾಚುವ ವಿಧಾನದಲ್ಲಿ ಪಡೆದರೆ ಖಚಿತವಾಗಿ ಸಿಗುವುದು ಡಬ್ಲಿನ್ ಕೋರ್ ಎಂಬ 15 ಅಂಶಗಳ ಸರಳ ದಾಖಲೆ ರೂಪ. ಅದರಲ್ಲಿ ಅನುವಾದಕ, ಸಂಪಾದಕ ಇಬ್ಬರೂ ‘ಕಾಂಟ್ರಿಬ್ಯೂಟರ್’ ಎಂಬ ಒಂದೇ ಡಬ್ಬಿಗೆ ಬೀಳುತ್ತಾರೆ, ಏಕರೂಪ ಶೀರ್ಷಿಕೆ ಬಹುತೇಕ ಕಳೆದುಹೋಗುತ್ತದೆ, ‘ಡೇಟ್’ ಯಾವುದರ ಇಸವಿ ಎಂದು ತಿಳಿಯುವುದಿಲ್ಲ. ಅನುವಾದಗಳ ಚರಿತ್ರೆಗೆ ಇದು ಸಾಲದು. ಮೊದಲು ‘ಲಿಸ್ಟ್ ಮೆಟಾಡೇಟಾ ಫಾರ್ಮ್ಯಾಟ್ಸ್’ ಕೇಳಿ, ಮಾರ್ಕ್-ಎಕ್ಸ್‌ಎಂಎಲ್ ಕೊಡುತ್ತಾರೆಯೇ ನೋಡಿ. ಬಾಚುವಾಗ ಪ್ರತಿ ಕಂತಿನ ಕೊನೆಗೆ ಮುಂದಿನ ಕಂತು ಕೇಳಲು ಬರುವ ಸಂಕೇತದ (ರಿಸಂಪ್ಷನ್ ಟೋಕನ್) ಅವಧಿ ಮುಗಿದರೆ ಕೆಲಸ ನಡುವೆ ನಿಲ್ಲುತ್ತದೆ. ಬಂದ ಕಂತುಗಳನ್ನು ಆಗಿಂದಾಗಲೇ ಉಳಿಸಿಕೊಳ್ಳಿ.

ಮಾರ್ಕ್ ಕಡತ ಸಿಕ್ಕರೆ ಅದನ್ನು ಸಾಮಾನ್ಯ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ತಿದ್ದಬಾರದು. ದಾಖಲೆಯ ಒಟ್ಟು ಉದ್ದ, ಪ್ರತಿ ಫೀಲ್ಡಿನ ಉದ್ದ ಮತ್ತು ಆರಂಭದ ಜಾಗ ಬೈಟ್‌ಗಳ ಲೆಕ್ಕದಲ್ಲಿ ಒಳಗೇ ಬರೆದಿರುತ್ತದೆ. ಒಂದು ಅಕ್ಷರ ಸೇರಿಸಿದರೂ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ, ಅದೂ ಯುಟಿಎಫ್-8ರಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ ಮೂರು ಬೈಟ್. ಮಾರ್ಕ್‌ಎಡಿಟ್‌ನಂಥ ಸಲಕರಣೆಯಿಂದ ಬಿಚ್ಚಿ, ತಿದ್ದಿ, ಮತ್ತೆ ಕಟ್ಟಬೇಕು. ಎಕ್ಸೆಲ್ ಬಗ್ಗೆ ಒಂದೇ ಮಾತು: ಐಎಸ್‌ಬಿಎನ್ ಕಾಲಂ ಅನ್ನು ಟೆಕ್ಸ್ಟ್ ಎಂದು ಗುರುತಿಸದೆ ತೆರೆದರೆ 13 ಅಂಕಿಯದು ಘಾತಾಂಕದ ರೂಪಕ್ಕೆ ತಿರುಗುತ್ತದೆ, 10 ಅಂಕಿಯದರ ಮೊದಲ ಸೊನ್ನೆಗಳು ಮಾಯವಾಗುತ್ತವೆ.

ಶುಚಿಗೊಳಿಸಲು ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ ಒಳ್ಳೆಯದು. ಮೂಲ ಕಾಲಂ ಮುಟ್ಟದೆ ಅದರ ನಕಲಿನ ಮೇಲೆ ಕೆಲಸ ಮಾಡಿ. ಮೊದಲು ಪ್ರತಿ ಕಾಲಂಗೆ ಟೆಕ್ಸ್ಟ್ ಫ್ಯಾಸೆಟ್ (ಒಂದೇ ರೀತಿಯ ನಮೂದುಗಳನ್ನು ಗುಂಪಾಗಿ ಎಣಿಸುವ ಪಟ್ಟಿ) ಹಾಕಿ ಎಷ್ಟು ಬಗೆಯ ನಮೂದುಗಳಿವೆ, ಎಷ್ಟು ಖಾಲಿ ಇವೆ ಎಂದು ನೋಡಿಕೊಳ್ಳಿ. ಆಮೇಲೆ ಕ್ಲಸ್ಟರ್, ಅಂದರೆ ಹತ್ತಿರದ ರೂಪಗಳನ್ನು ಒಂದುಗೂಡಿಸುವ ಹೆಜ್ಜೆ. ಅದರ ಫಿಂಗರ್‌ಪ್ರಿಂಟ್ ವಿಧಾನ ವಿರಾಮಚಿಹ್ನೆ ತೆಗೆದು, ಗುರುತುಗಳನ್ನು ಕಳಚಿ, ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುತ್ತದೆ. ‘ಕಾಂಟ್, ಇಮ್ಯಾನುಯೆಲ್’ ಮತ್ತು ‘ಇಮ್ಯಾನುಯೆಲ್ ಕಾಂಟ್’ ಸಲೀಸಾಗಿ ಒಂದಾಗುತ್ತವೆ. ಆದರೆ ಇಸವಿ ಇಲ್ಲದ ಇಬ್ಬರು ನಾಗಾರ್ಜುನರೂ ಅಷ್ಟೇ ಸಲೀಸಾಗಿ ಒಂದಾಗುತ್ತಾರೆ. ಆಧುನಿಕ ಲೇಖಕರ ಗುಂಪುಗಳನ್ನು ಒಟ್ಟಿಗೆ ಒಪ್ಪಬಹುದು, 1500ಕ್ಕಿಂತ ಹಿಂದಿನವರನ್ನು ಒಂದೊಂದಾಗಿಯೇ ನೋಡಬೇಕು. ‘ಎಲ್ಲ ಆರಿಸು’ ಗುಂಡಿ ಒತ್ತುವುದೇ ಈ ಕೆಲಸದಲ್ಲಿ ಅತಿ ಹೆಚ್ಚು ಹಾನಿ ಮಾಡುವ ಕ್ಲಿಕ್.

ಒಂದು ಪ್ರಬಂಧದ ಅಧ್ಯಾಯಕ್ಕೆ 300ರಿಂದ 500 ದಾಖಲೆ ಸಾಕು. ಮೊದಲ 50ನ್ನು ಕೈಯಿಂದಲೇ ಮಾಡಿ, ಎದುರಾದ ಪ್ರತಿ ಸಂದೇಹಕ್ಕೂ ತೆಗೆದುಕೊಂಡ ತೀರ್ಮಾನವನ್ನು ಒಂದು ಕಡತದಲ್ಲಿ ಬರೆಯಿರಿ: ಮರುಮುದ್ರಣ ಎಣಿಸುತ್ತೇವೆಯೇ, ಆಯ್ದ ಭಾಗ ಅನುವಾದವೇ, ಆರೋಪಿತ ಕೃತಿ ಯಾರ ಲೆಕ್ಕಕ್ಕೆ. ಉಳಿದದ್ದನ್ನು ಆ ಕಡತದಂತೆ ಮುಗಿಸಿ, ಹತ್ತರಲ್ಲಿ ಒಂದನ್ನು ಇನ್ನೊಬ್ಬರ ಕೈಲಿ ಪರಿಶೀಲನೆ ಮಾಡಿಸಿ. ಇಬ್ಬರ ಉತ್ತರ ಪದೇಪದೇ ಬೇರೆಯಾಗುವ ಕಡೆ ತೀರ್ಮಾನದ ವಾಕ್ಯವೇ ಅಸ್ಪಷ್ಟವಾಗಿದೆ ಎಂದರ್ಥ. ಓಪನ್‌ರಿಫೈನ್‌ನ ಅನ್‌ಡೂ ಪಟ್ಟಿಯಿಂದ ಹೆಜ್ಜೆಗಳನ್ನು ಜೆಸನ್ ರೂಪದ ಕಡತವಾಗಿ ತೆಗೆದು ಜೊತೆಗಿಡಿ. ಬಿಡಿ ಕೋಶಗಳಲ್ಲಿ ಕೈಯಿಂದ ಮಾಡಿದ ತಿದ್ದುಪಡಿ ಅದರಲ್ಲಿ ಬರುವುದಿಲ್ಲ, ಅವನ್ನು ಬೇರೆ ಬರೆದುಕೊಳ್ಳಬೇಕು.

ನಿಮ್ಮದೇ ಪ್ರಬಂಧ ಭಂಡಾರಕ್ಕೆ ಸೇರುವ ದಿನ ಇದೇ ನಿಯಮಗಳು ನಿಮಗೂ ಅನ್ವಯ. ತತ್ತ್ವಶಾಸ್ತ್ರದವರಿಗೆ ಶೀರ್ಷಿಕೆಯ ಮೊದಲರ್ಧದಲ್ಲಿ ಒಂದು ಸುಂದರ ಉದ್ಧರಣೆ ಇಡುವ ಚಟ. ಅದು ಇರಲಿ, ಆದರೆ ಎರಡನೆಯರ್ಧದಲ್ಲಿ ಚಿಂತಕನ ಪೂರ್ಣ ಹೆಸರು, ಕೃತಿಯ ಹೆಸರು, ಸಮಸ್ಯೆಯ ಹೆಸರು ಮೂರೂ ಇರಲಿ. ಸಂಶೋಧಕರನ್ನು ಗುರುತಿಸುವ ಆರ್ಕಿಡ್ ಸಂಖ್ಯೆ 16 ಸ್ಥಾನದ್ದು, ಕೊನೆಯದು ಎಕ್ಸ್ ಆಗಿರಬಹುದು, ಅದನ್ನು ಸೊನ್ನೆ ಎಂದು ತಿದ್ದಬೇಡಿ.

ಗ್ರಂಥಾಲಯಕ್ಕೆ ತಿದ್ದುಪಡಿ ಕಳಿಸುವಾಗ 001ರಲ್ಲಿರುವ ದಾಖಲೆಯ ಗುರುತು ಸಂಖ್ಯೆ, ಫೀಲ್ಡ್, ಈಗಿರುವ ನಮೂದು, ಸೂಚಿಸುವ ನಮೂದು, ಆಧಾರ, ಈ ಐದು ಕಾಲಂಗಳ ಪಟ್ಟಿ ಕೊಡಿ. ಆಧಾರದ ಕಾಲಂನಲ್ಲಿ ‘ಶೀರ್ಷಿಕೆ ಪುಟದ ಹಿಂಬದಿ’, ‘ಪುಟ 12ರ ಮುನ್ನುಡಿ’ ಎಂಬಷ್ಟು ನಿಖರತೆ ಇರಬೇಕು, ಏಕೆಂದರೆ ಅಥಾರಿಟಿ ದಾಖಲೆಯಾದರೆ ಕ್ಯಾಟಲಾಗರ್ ಅದನ್ನೇ 670ಕ್ಕೆ ಎತ್ತಿಕೊಳ್ಳುತ್ತಾರೆ. ಆಧಾರ ಸಿಗದ ಸಾಲುಗಳನ್ನು ಪಟ್ಟಿಯಿಂದ ತೆಗೆದು ‘ತೀರ್ಮಾನವಾಗಿಲ್ಲ’ ಎಂಬ ಬೇರೆ ಹಾಳೆಯಲ್ಲಿ ಇಟ್ಟು ಅದನ್ನೂ ಜೊತೆಗೆ ಕಳಿಸಿ.